ಆಷಾಢದ ಗಾಳಿಗೆ ಕಡಲಲ್ಲೊಂದು ಪಟ

ಕೈಟ್‌ಸರ್ಫಿಂಗ್ ಕಲಿಯಲು ಕಡಲೂರಿನಲ್ಲೇ ಹುಟ್ಟಬೇಕಿಲ್ಲ. ಗಾಳಿಯ ಗುಣ ತಿಳಿದರೆ ಅರ್ಧ ತಯಾರಿ ಮುಗಿದಂತೆ. ಕೊರಟಗೆರೆ ಸೀಮೆಯಿಂದ ರಾಮೇಶ್ವರದ ಕಡಲಿಗೆ ಹೊರಡುವವರು ಏನನ್ನು ಮೊದಲು ಯೋಚಿಸಬೇಕು, ಏನನ್ನು ಕೊನೆಗೆ?

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಗಾಳಿಗೆ ಒಳ್ಳೆಯ ಹೆಸರಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಪಡುವಲಿಂದ ಏಳುವ ಗಾಳಿ ಇನ್ನೇನು ಸುರಿಯಬೇಕಿದ್ದ ಮೋಡವನ್ನು ಮೂಡಲಿಗೆ ಅಟ್ಟಿಬಿಡುತ್ತದೆ. ಶೇಂಗಾ ಬಿತ್ತನೆಗೆ ಹದ ಕಾಯುತ್ತಾ ಕೂತ ರೈತ ಅದನ್ನು ಬೈಯುತ್ತಾನೆ. ಮಾಡಿನ ಶೀಟು ಹಾರಿಸಿಕೊಂಡವರೂ ಬೈಯುತ್ತಾರೆ. ಅದನ್ನು ಮನಸಾರೆ ಮೆಚ್ಚುವವರು ಮಕ್ಕಳು ಮಾತ್ರ. ಗುಜರಾತಿನವರು ಸಂಕ್ರಾಂತಿಗೆ ಗಾಳಿಪಟ ಏರಿಸಿದರೆ ನಮ್ಮ ಕಡೆ ಏರಿಸುವುದು ಆಷಾಢದಲ್ಲಿ. ಪಕ್ಕದ ದೊಡ್ಡಬಳ್ಳಾಪುರದಲ್ಲಂತೂ ಆಷಾಢದ ಗಾಳಿಪಟಕ್ಕೆ ಸ್ಪರ್ಧೆ, ಬಹುಮಾನ, ಪಟ ಕಟ್ಟುವುದರಲ್ಲೇ ಹೆಸರಾದ ಕಲಾವಿದರು, ಎಲ್ಲವೂ ಇವೆ.

ಅದೇ ತಿಂಗಳು, ಇಲ್ಲಿಂದ ಆಗ್ನೇಯಕ್ಕೆ ಐನೂರು ಕಿಲೋಮೀಟರಿಗಿಂತ ತುಸು ದೂರದಲ್ಲಿ, ಅದೇ ಮುಂಗಾರಿನ ಗಾಳಿ ಇನ್ನೊಂದು ಬಗೆಯ ಪಟವನ್ನು ಮೇಲೇರಿಸಿರುತ್ತದೆ. ಆ ಪಟದ ಹುರಿ ಹಿಡಿದವರು ನೆಲದ ಮೇಲೆ ನಿಂತಿರುವುದಿಲ್ಲ. ಕಾಲಿಗೊಂದು ಹಲಗೆ ಸಿಕ್ಕಿಸಿಕೊಂಡು ಕಡಲ ಮೇಲೆ ಜಾರುತ್ತಿರುತ್ತಾರೆ. ಆ ಜಾಗ ರಾಮೇಶ್ವರ, ಆಟದ ಹೆಸರು ಕೈಟ್‌ಸರ್ಫಿಂಗ್. ಭಾರತದಲ್ಲಿ ಇದನ್ನು ಕಲಿಯುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ.

ಕಡಲೇ ಕಾಣದ ತಾಲ್ಲೂಕಿನವರಿಗೆ ಇದೇನು ಉಸಾಬರಿ ಅನ್ನಿಸಬಹುದು. ಈ ಪ್ರವಾಸದ ಯೋಜನೆಯಲ್ಲಿ ಕಡಲಿಗಿಂತ ಗಾಳಿಯ ಲೆಕ್ಕವೇ ದೊಡ್ಡದು. ಗಾಳಿ ಬಂದಾಗ ತೂರಿಕೊ ಎಂಬ ಮಾತನ್ನು ಕಣದಲ್ಲಿ ನಿಂತು ಕಲಿತ ಸೀಮೆಗೆ ಆ ಲೆಕ್ಕ ಹೊಸದಲ್ಲ.

ಅಲೆಯ ಆಟವಲ್ಲ, ಗಾಳಿಯ ಆಟ

ಸರ್ಫಿಂಗ್ ಮತ್ತು ಕೈಟ್‌ಸರ್ಫಿಂಗ್ ಒಂದೇ ಎಂದುಕೊಳ್ಳುವವರು ಬಹಳ. ಸರ್ಫಿಂಗಿಗೆ ಬೇಕಾದದ್ದು ಅಲೆ. ಅಲೆ ದಡಕ್ಕೆ ಬಂದು ಮುರಿಯುವಾಗ ಅದರ ಇಳಿಜಾರಿನಲ್ಲಿ ಹಲಗೆ ಜಾರುತ್ತದೆ. ಕೈಟ್‌ಸರ್ಫಿಂಗಿನಲ್ಲಿ ಅಲೆ ಇರಬಹುದು, ಇಲ್ಲದಿರಬಹುದು. ಎಳೆಯುವುದು ಗಾಳಿ. ಏಳು, ಒಂಬತ್ತು, ಹನ್ನೆರಡು ಚದರ ಮೀಟರ್ ಅಳತೆಯ ಬಟ್ಟೆಯ ಪಟ. ಅದರ ಮುಂದಂಚಿನಲ್ಲಿ ಪಂಪಿನಿಂದ ಗಾಳಿ ತುಂಬುವ ಕೊಳವೆ. ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಮೀಟರ್ ಉದ್ದದ ನಾಲ್ಕೈದು ಹುರಿಗಳು, ಅವುಗಳ ತುದಿಗೆ ಕೈಯಲ್ಲಿ ಹಿಡಿಯುವ ಬಾರ್. ಎಳೆತವನ್ನು ತಡೆಯುವುದು ತೋಳಲ್ಲ, ಸೊಂಟಕ್ಕೆ ಕಟ್ಟಿದ ಹಾರ್ನೆಸ್. ಬಾರ್ ಕೆಲಸ ಮಾಡುವುದು ಗಾಡಿ ಎತ್ತಿನ ಮೂಗುದಾರದಂತೆ: ಬಲವೆಲ್ಲ ಎತ್ತಿನದು, ದಿಕ್ಕು ಮಾತ್ರ ನಮ್ಮದು.

ಈ ಆಟಕ್ಕೆ ಬಹಳ ವಯಸ್ಸಾಗಿಲ್ಲ. ಪಟ ನೀರಿಗೆ ಬಿದ್ದರೆ ಮತ್ತೆ ಮೇಲೇಳದು ಎಂಬುದೇ ಮೊದಲಿನವರಿಗಿದ್ದ ತೊಡಕು. ಫ್ರಾನ್ಸಿನ ಬ್ರಿಟನಿ ಕರಾವಳಿಯ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು ಗಾಳಿ ತುಂಬಿದ ಕೊಳವೆಯ ಪಟವನ್ನು ರೂಪಿಸಿ 1984ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಕೊಳವೆಯಿಂದಾಗಿ ಪಟ ತೇಲುತ್ತದೆ, ಒಂದು ಬದಿಯ ಹುರಿ ಎಳೆದರೆ ನೀರಿನಿಂದಲೇ ಮೇಲೇರುತ್ತದೆ. ಮಾರುಕಟ್ಟೆಯಲ್ಲಿ ಅದು ನೆಲೆಯೂರಿದ್ದು 1990ರ ದಶಕದ ಕೊನೆಗೆ, ಹವಾಯಿಯ ಮಾವಿ ದ್ವೀಪದ ಸರ್ಫರ್‌ಗಳು ಕೈಗೆತ್ತಿಕೊಂಡ ಮೇಲೆ. ಅಲ್ಲಿಂದ ಮೂರು ದಶಕ ತುಂಬುವ ಮೊದಲೇ ಒಲಿಂಪಿಕ್ಸ್ ಸೇರಿತು. 2024ರ ಪ್ಯಾರಿಸ್ ಕ್ರೀಡಾಕೂಟದ ಹಾಯಿ ಸ್ಪರ್ಧೆಗಳು ನಡೆದ ಮಾರ್ಸೇ ಕಡಲಿನಲ್ಲಿ ಬ್ರಿಟನ್ನಿನ ಎಲೀ ಆಲ್ಡ್ರಿಜ್, ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಈ ವಿಭಾಗದ ಮೊದಲ ಚಿನ್ನ ಗೆದ್ದರು.

ನಮ್ಮ ಕರಾವಳಿ ಇದ್ದೂ ರಾಮೇಶ್ವರವೇಕೆ?

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕಡಲತೀರವಿದೆ. ಮುಲ್ಕಿಯಲ್ಲಿ ಎರಡು ದಶಕದಿಂದ ಸರ್ಫಿಂಗ್ ಕಲಿಸುತ್ತಿರುವ ಮಂತ್ರ ಸರ್ಫ್ ಕ್ಲಬ್ ಇದೆ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ 2016ರಿಂದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದೆ. ನಿಂತು ಹುಟ್ಟುಹಾಕುವ ಸ್ಟ್ಯಾಂಡ್-ಅಪ್ ಪ್ಯಾಡ್ಲಿಂಗಿನಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಅದೇ ಕರಾವಳಿಯವರು. ಹಾಗಿದ್ದ ಮೇಲೆ ಚಾರ್ಮಾಡಿ ಘಾಟಿ ಇಳಿದರೆ ಸಾಲದೇ, ತಮಿಳುನಾಡಿನ ತುದಿಗೇಕೆ ಹೋಗಬೇಕು?

ಉತ್ತರವಿರುವುದು ಸಹ್ಯಾದ್ರಿಯಲ್ಲಿ. ಕರಾವಳಿಯಲ್ಲಿ ಗಾಳಿ ಜೋರಾಗುವುದು ಮುಂಗಾರಿನಲ್ಲಿ. ಆದರೆ ಅಲ್ಲಿ ಗಾಳಿಯೊಂದೇ ಬರುವುದಿಲ್ಲ. ಜಡಿಮಳೆ, ಬಿರುಗಾಳಿ, ದಡಕ್ಕೆ ನೇರವಾಗಿ ಅಪ್ಪಳಿಸುವ ದೊಡ್ಡ ಅಲೆ, ಮರಳು ಕೊರೆಯುವ ಸೆಳೆತ ಜೊತೆಗೇ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯೂ ನಿಲ್ಲುತ್ತದೆ. ಮೀನಿನ ಸಂತಾನಕ್ಕಾಗಿ ಮಾಡಿದ ನಿಷೇಧ ಅದು, ನಿಜ. ಆದರೆ ಆ ಹೊತ್ತಿನ ಕಡಲಿನ ಸ್ವಭಾವ ಏನೆಂದು ಮಲ್ಪೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ಕಡಲು ತಣ್ಣಗಾಗುತ್ತದೆ, ಅದರೊಂದಿಗೆ ಗಾಳಿಯೂ. ಮಧ್ಯಾಹ್ನದ ಕಡಲಗಾಳಿ ಪಣಂಬೂರಿನ ಉತ್ಸವದ ಗಾಳಿಪಟಗಳನ್ನು ಏರಿಸಲು ಸಾಕು, ಆಳನ್ನು ನೀರ ಮೇಲೆ ಎಳೆದೊಯ್ಯಲು ಬಹಳ ದಿನ ಸಾಲದು. ಗೋವಾದ ಮೋರ್ಜಿಂನಲ್ಲಿ ಬೇಸಿಗೆಯ ಇಂಥ ಗಾಳಿಯಲ್ಲೇ ಕಲಿಸುತ್ತಾರೆ. ಹಗುರ ಮೈಯವರಿಗೆ, ದೊಡ್ಡ ಪಟಕ್ಕೆ, ತಾಳ್ಮೆಗೆ ಅದು ಸರಿ.

ಕೈಟ್‌ಸರ್ಫಿಂಗಿಗೆ ಬೇಕಾದದ್ದು ಮಳೆಯಿಲ್ಲದ ಗಾಳಿ. ಅದು ಸಿಗುವುದು ಬೆಟ್ಟಸಾಲಿನ ಈಚೆ, ಮಳೆಯ ನೆರಳಿನಲ್ಲಿ. ನಮ್ಮ ಸೀಮೆಯೂ ಆ ನೆರಳಿನಲ್ಲೇ ಇದೆ. ಸಹ್ಯಾದ್ರಿ ನೀರು ಹಿಂಡಿಕೊಂಡು ಒಣಗಾಳಿಯನ್ನು ಇತ್ತ ಕಳಿಸುತ್ತದೆ, ಜೂನ್-ಜುಲೈನಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ. ನಮಗೆ ಕೆರೆ ತುಂಬುವ ಮಳೆ ಬಂದರೆ ಅದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ರಾಮೇಶ್ವರವಿರುವ ರಾಮನಾಥಪುರ ಜಿಲ್ಲೆಯ ಪಾಡೂ ಇದೇ. ನೀರಿಲ್ಲದ ಊರೆಂದು ತಮಿಳರ ಬಾಯಲ್ಲಿ ಹೆಸರು ಕೆಡಿಸಿಕೊಂಡ ಜಿಲ್ಲೆ ಅದು, ಅಲ್ಲಿಗೆ ಮಳೆ ಬರುವುದು ಹಿಂಗಾರಿನಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಆಕಾಶ ತಿಳಿ, ಗಾಳಿ ಎಡೆಬಿಡದು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತು ಎನ್ನುವುದು ತಮಿಳಿನ ಗಾದೆ. ಅವರ ಆಡಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ.

ಮೇಲಿನ ಗಾಳಿಯ ಕಥೆ

ಈ ಗಾಳಿ ಬರುವ ದಾರಿ ದೊಡ್ಡದು. ಭೂಮಧ್ಯರೇಖೆಯ ಆಚೆಯಿಂದ ಹೊರಟು, ಆಫ್ರಿಕದ ಪೂರ್ವ ತೀರಕ್ಕೆ ಒತ್ತಿಕೊಂಡು ಉತ್ತರಕ್ಕೆ ಬಂದು, ಸೊಮಾಲಿಯಾದ ಬಳಿ ತಿರುಗಿ ಅರಬ್ಬಿ ಸಮುದ್ರ ದಾಟುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದು ಬಲು ವೇಗದ ಹರಿವು. ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ ಇಂಥದೊಂದು ಪಡುವಣ ಹರಿವು ಇದೆ ಎಂದು ಹವಾಮಾನ ವಿಜ್ಞಾನಿಗಳಾದ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ 1966ರಲ್ಲಿ ತೋರಿಸಿಕೊಟ್ಟರು. ಮುಂಗಾರು ಚುರುಕಾಗಿದ್ದಾಗ ಹರಿವು ನಮ್ಮ ನೆತ್ತಿಯ ಆಸುಪಾಸಿನಲ್ಲಿರುತ್ತದೆ. ಮಳೆ ಬಿಡುವು ಕೊಟ್ಟಾಗ ದಕ್ಷಿಣಕ್ಕೆ, ಶ್ರೀಲಂಕಾದ ಕಡೆಗೆ ಜಾರುತ್ತದೆ. ಊರಲ್ಲಿ ಮಳೆ ಕೈಕೊಟ್ಟಿತೆಂದು ತಲೆ ಮೇಲೆ ಕೈಹೊತ್ತ ವಾರವೇ ರಾಮೇಶ್ವರದಲ್ಲಿ ಪಟ ಚೆನ್ನಾಗಿ ಏರಬಹುದು.

ರಾಮೇಶ್ವರದ ನೆಲವೂ ಗಾಳಿಗೆ ಹೇಳಿ ಮಾಡಿಸಿದ್ದು. ಪಾಂಬನ್ ದ್ವೀಪದ ಬಾಲ ಆಗ್ನೇಯಕ್ಕೆ ಚಾಚಿ ಧನುಷ್ಕೋಟಿಯಲ್ಲಿ ಮೊನೆಯಾಗುತ್ತದೆ. ಬಾಲದ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ, ಉತ್ತರಕ್ಕೆ ಆಳವಿಲ್ಲದ ಪಾಕ್ ಕೊಲ್ಲಿ. ಬೆಟ್ಟವಿಲ್ಲ, ಎತ್ತರದ ಮರವೂ ಕಡಿಮೆ. ನೈರುತ್ಯದ ಗಾಳಿ ಒಂದು ಕಡಲಿನಿಂದ ಬಂದು ತಗ್ಗಿನ ಮರಳು ಪಟ್ಟಿ ದಾಟಿ ಇನ್ನೊಂದು ಕಡಲಿಗೆ ಇಳಿಯುತ್ತದೆ. ದಕ್ಷಿಣದ ದಡದಲ್ಲಿ ಗಾಳಿಯೂ ಅಲೆಯೂ ಇದ್ದರೆ, ಮರಳ ಮರೆಯ ನೀರಿನಲ್ಲಿ ಗಾಳಿ ಅಷ್ಟೇ ಇದ್ದು ಅಲೆ ಇರುವುದಿಲ್ಲ. ಸೊಂಟಮಟ್ಟದ, ಸಪಾಟಾದ ನೀರು ಹೊಸಬರಿಗೆ ವರ. ಬಿದ್ದರೆ ಎದ್ದು ನಿಲ್ಲಬಹುದು.

ನಮ್ಮ ಗಾಳಿಗೂ ಅಲ್ಲಿನ ಗಾಳಿಗೂ ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲೆಗಳಿಗೆ ಬಡಿದ ಗಾಳಿ ಒಡೆದು ಸುಳಿಯಾಗುತ್ತದೆ. ಒಂದು ಗಳಿಗೆ ರಪ್ಪನೆ ಬಡಿದು, ಮರುಗಳಿಗೆ ಸತ್ತಂತಿರುತ್ತದೆ. ಪುಟ್ಟ ಗಾಳಿಪಟಕ್ಕೆ ಅದು ತಮಾಷೆ. ಮನುಷ್ಯನನ್ನು ಎತ್ತುವ ಪಟಕ್ಕೆ ಅಂಥ ಸುಳಿಗಾಳಿಯೇ ಅಪಾಯ. ನೂರಾರು ಕಿಲೋಮೀಟರ್ ಅಡೆತಡೆಯಿಲ್ಲದೆ ನೀರ ಮೇಲೆ ಬಂದ ಗಾಳಿಯೇ ಕಲಿಕೆಗೆ ಯೋಗ್ಯ.

ಯಾವ ಮಳೆಗೆ ಹೊರಡಬೇಕು

ರಾಮೇಶ್ವರದಲ್ಲಿ ಗಾಳಿಗೆ ಎರಡು ಸುಗ್ಗಿ. ಏಪ್ರಿಲ್ ನಡುವಿನಿಂದ ಸೆಪ್ಟೆಂಬರಿನವರೆಗೆ ದಕ್ಷಿಣದ ಗಾಳಿ, ಡಿಸೆಂಬರಿನಿಂದ ಮಾರ್ಚ್ ಮೊದಲವರೆಗೆ ಉತ್ತರದ ಗಾಳಿ. ಅಕ್ಟೋಬರ್, ನವೆಂಬರ್ ಬೇಡವೇ ಬೇಡ. ಅದು ಹಿಂಗಾರು ಮಳೆಯ, ಚಂಡಮಾರುತದ ಕಾಲ. ಡಿಸೆಂಬರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಧನುಷ್ಕೋಟಿ ಪಟ್ಟಣವನ್ನು, ತುಂಬಿದ ರೈಲನ್ನು ಕಡಲು ನುಂಗಿದ್ದು 1964ರ ಡಿಸೆಂಬರ್ 22-23ರ ರಾತ್ರಿ.

ಆಷಾಢಕ್ಕೆ ಹೋಗೋಣ ಎಂದು ಪಂಚಾಂಗ ತೆಗೆದರೆ ಒಂದು ಎಡವಟ್ಟಿದೆ. ಆಷಾಢ ಚಾಂದ್ರಮಾನದ ತಿಂಗಳು, ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಹೋಗುತ್ತದೆ. ಗಾಳಿ ನಡೆಯುವುದು ಸೂರ್ಯನ ಲೆಕ್ಕದಲ್ಲಿ. ನಮ್ಮ ರೈತರ ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕದವೇ ಆದ್ದರಿಂದ ಅವನ್ನು ನಂಬಬಹುದು. ಜೂನ್ ಮೂರನೇ ವಾರ ಹುಟ್ಟುವ ಆರಿದ್ರಾದಿಂದ ಪುನರ್ವಸು, ಪುಷ್ಯ, ಆಶ್ಲೇಷ ದಾಟಿ ಆಗಸ್ಟ್ ನಡುವೆ ಹುಟ್ಟುವ ಮಘೆಯವರೆಗೆ ದಕ್ಷಿಣದ ಗಾಳಿಯ ನಟ್ಟನಡುವಿನ ಕಾಲ. ತೀರಾ ಹೊಸಬರಿಗೆ ಜೂನ್-ಜುಲೈ ಗಾಳಿ ಕೆಲವು ದಿನ ಹೆಚ್ಚೇ ಆಗಬಹುದು. ಅಂಜಿಕೆಯಿದ್ದವರು ಏಪ್ರಿಲ್ ಕೊನೆ, ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಂಡರೆ ಒಳ್ಳೆಯದು.

ಆಷಾಢದಲ್ಲೊಂದು ಲಾಭವೂ ಇದೆ. ಮದುವೆ, ಗೃಹಪ್ರವೇಶದ ಆಮಂತ್ರಣ ಬರುವುದಿಲ್ಲ, ರಜೆಗೆ ಅಡ್ಡಿಯಿಲ್ಲ. ಆದರೆ ಆಡಿ ಅಮಾವಾಸ್ಯೆಯ ಆಸುಪಾಸು ರಾಮೇಶ್ವರಕ್ಕೆ ಕಾಲಿಡಬೇಡಿ. ಪಿತೃಗಳಿಗೆ ತರ್ಪಣ ಬಿಡಲು ಜನಸಾಗರ ಸೇರುವ ದಿನ ಅದು. ರೂಮು ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳಬೇಡಿ.

ಗಂಟುಗಳ ಲೆಕ್ಕ

ಗಾಳಿಯ ವೇಗವನ್ನು ಕಡಲಿನವರು ನಾಟ್‌ನಲ್ಲಿ, ಅಂದರೆ ಗಂಟಿನಲ್ಲಿ ಎಣಿಸುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಕಲಿಯುವವರಿಗೆ 12ರಿಂದ 20 ನಾಟ್ ಹದವಾದ ಗಾಳಿ, ಅಂದರೆ ಗಂಟೆಗೆ ಸುಮಾರು 22ರಿಂದ 37 ಕಿಲೋಮೀಟರ್. ವೇಗ ಇಮ್ಮಡಿಯಾದರೆ ಎಳೆತ ಇಮ್ಮಡಿಯಲ್ಲ, ನಾಲ್ಕು ಪಟ್ಟು ಆಗುತ್ತದೆ ಎಂಬುದು ನೆನಪಿರಬೇಕು. 12 ನಾಟ್‌ನಲ್ಲಿ ಹಿತವೆನಿಸಿದ ಪಟ 24ರಲ್ಲಿ ಆಳನ್ನು ದಡದ ಮೇಲೆ ಎಳೆದಾಡಬಹುದು.

ಹಾಗಾಗಿ ಪಟದ ಅಳತೆ ದಿನದ ಗಾಳಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೊಂದು ಅಂದಾಜಿನ ಸೂತ್ರವಿದೆ: ಕಿಲೋಗ್ರಾಮಿನಲ್ಲಿ ಮೈತೂಕವನ್ನು ನಾಟ್‌ನಲ್ಲಿನ ಗಾಳಿವೇಗದಿಂದ ಭಾಗಿಸಿ 2.2ರಿಂದ ಗುಣಿಸಿದರೆ ಪಟದ ಚದರ ಮೀಟರ್ ಸಿಗುತ್ತದೆ. 65 ಕಿಲೋ ತೂಗುವವರಿಗೆ 16 ನಾಟ್ ಗಾಳಿಯಲ್ಲಿ ಸುಮಾರು 9 ಚದರ ಮೀಟರಿನ ಪಟ ಸಾಕು, 22 ನಾಟ್ ಆದರೆ ಆರೂವರೆಗೆ ಇಳಿಯಬೇಕು. ಕೊನೆಯ ಮಾತು ಮಾತ್ರ ಸೂತ್ರದ್ದಲ್ಲ, ಗುರುವಿನದು.

ಮುನ್ಸೂಚನೆಗೆ ವಿಂಡಿ, ವಿಂಡ್‌ಗುರು ಆ್ಯಪ್‌ಗಳನ್ನು ಎಲ್ಲರೂ ನೋಡುತ್ತಾರೆ. ಜೊತೆಗೆ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಬೇಕು. ಮುಂಗಾರಿನಲ್ಲಿ ಮನ್ನಾರ್ ಕೊಲ್ಲಿಗೆ ಗಂಟೆಗೆ 45ರಿಂದ 55 ಕಿಲೋಮೀಟರ್ ಬಿರುಗಾಳಿಯ ಸೂಚನೆ ಬರುವುದು ಅಪರೂಪವೇನಲ್ಲ. ಅದು 24ರಿಂದ 30 ನಾಟ್. ಅಂಥ ದಿನ ಹೊಸಬರು ದಡದಲ್ಲಿ ಕೂತು ಬಲ್ಲವರ ಆಟ ನೋಡುವುದೇ ಪಾಠ. 1914ರಲ್ಲಿ ತೆರೆದ ಹಳೆಯ ಪಾಂಬನ್ ಸೇತುವೆಯ ಮೇಲೆ ಗಾಳಿಯ ವೇಗ ಗಂಟೆಗೆ 58 ಕಿಲೋಮೀಟರ್ ದಾಟಿದರೆ ರೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ರೈಲು ನಿಲ್ಲುವ ಗಾಳಿಗೂ ಹೊಸಬ ನಿಲ್ಲಬೇಕಾದ ಗಾಳಿಗೂ ನಡುವೆ ದೊಡ್ಡ ಅಂತರ ಬಿಟ್ಟುಕೊಳ್ಳುವುದು ಜಾಣತನ.

ಊರಲ್ಲೇ ಆಗುವ ತಯಾರಿ

ಮೊದಲನೆಯದು ಈಜು. ಸೋರೆಬುರುಡೆ ಕಟ್ಟಿಕೊಂಡು ತೆರೆದ ಬಾವಿಗೆ ಹಾರಿ ಈಜು ಕಲಿತ ತಲೆಮಾರು ನಮ್ಮಲ್ಲಿತ್ತು. ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂದ ಮೇಲೆ ಹುಟ್ಟಿದವರಿಗೆ ಆ ಭಾಗ್ಯವಿಲ್ಲ. ಕೈಟ್‌ಸರ್ಫಿಂಗಿಗೆ ದೊಡ್ಡ ಈಜುಗಾರರಾಗಬೇಕಿಲ್ಲ. ಗಾಬರಿಯಾಗದೆ ತೇಲಲು, ಬಟ್ಟೆ ತೊಟ್ಟೇ ನೂರಿನ್ನೂರು ಮೀಟರ್ ಈಜಲು ಬರಬೇಕು. ಅದಕ್ಕೆ ತೀತಾ ಜಲಾಶಯಕ್ಕೋ ಕೆರೆಗೋ ಇಳಿಯುವುದು ಬೇಡ. ಹೂಳು, ಮುಳ್ಳುಗಿಡ, ಮಣ್ಣು ತೆಗೆದ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ. ತುಮಕೂರು ಅಥವಾ ಬೆಂಗಳೂರಿನ ಈಜುಕೊಳದಲ್ಲಿ ಎರಡು ತಿಂಗಳು ಕಲಿತರೆ ಸಾಕು.

ಎರಡನೆಯದು ಪಟದ ಅಭ್ಯಾಸ. ಎರಡು-ಮೂರು ಚದರ ಮೀಟರಿನ ಚಿಕ್ಕ ತರಬೇತಿ ಪಟಗಳು ಸಿಗುತ್ತವೆ. ಗಾಳಿ ಬಂದ ಕಡೆಗೆ ಬೆನ್ನು ಮಾಡಿ ನಿಂತರೆ ನಮ್ಮ ಮುಂದೆ ಎಡದಿಂದ ಬಲಕ್ಕೆ ಕಮಾನಿನಂಥ ಆಕಾಶದ ಭಾಗವೇ ಪಟದ ಅಂಗಳ. ಅಂಚುಗಳಲ್ಲಿ, ನೆತ್ತಿಯ ಮೇಲೆ ಎಳೆತ ಕಡಿಮೆ. ನೇರ ಎದುರಿಗೆ, ಕೆಳಗೆ ಬಂದಷ್ಟೂ ಎಳೆತ ಜಾಸ್ತಿ. ಇದು ಮೈಗೆ ಹತ್ತಿದರೆ ಕಡಲಲ್ಲಿ ದುಡ್ಡು ಕೊಟ್ಟು ಕಲಿಯುವ ಗಂಟೆಗಳು ಉಳಿಯುತ್ತವೆ. ಅಭ್ಯಾಸಕ್ಕೆ ಕೊಯ್ಲಾದ ಬಯಲು ಹೊಲ ಆರಿಸಿಕೊಳ್ಳಿ. ರಸ್ತೆ, ದನಕರು, ಎಲ್ಲಕ್ಕಿಂತ ಮುಖ್ಯವಾಗಿ ಕರೆಂಟಿನ ತಂತಿ ಹತ್ತಿರವಿರಬಾರದು. 2050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇರುವ ಪಾವಗಡದ ಕಡೆ ದೊಡ್ಡ ದೊಡ್ಡ ವಿದ್ಯುತ್ ಮಾರ್ಗಗಳೇ ಹರಡಿವೆ. ಅಲ್ಲಿ ಪಟ ಬಿಚ್ಚುವ ಯೋಚನೆಯೇ ಬೇಡ.

ಮೂರನೆಯದು ಮೈ. ತೋಳಿಗಿಂತ ಸೊಂಟ, ಹೊಟ್ಟೆ, ತೊಡೆಗೆ ಕೆಲಸ ಜಾಸ್ತಿ. ಬೆನ್ನು, ಭುಜ, ಮಂಡಿಯ ತೊಂದರೆ ಇದ್ದವರು, ಹೃದಯದ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಪ್ರಯಾಣ ವಿಮೆ ಮಾಡಿಸುವಾಗ ಸಾಹಸ ಕ್ರೀಡೆ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಬಹಳಷ್ಟು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ.

ದಾರಿ, ದಿನ, ದುಡ್ಡು

ರಾಯದುರ್ಗ-ತುಮಕೂರು ರೈಲು ಮಾರ್ಗದ ಕೆಲಸ ಮುಗಿದು ಕೊರಟಗೆರೆಯಲ್ಲೇ ರೈಲು ಹತ್ತುವ ದಿನ ಬರುವವರೆಗೆ ಬೆಂಗಳೂರಿನ ತನಕ ಬಸ್ಸೇ ಗತಿ. ಅಲ್ಲಿಂದ ಮೈಸೂರು-ತೂತುಕುಡಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮಧುರೈ ತಲುಪುತ್ತದೆ. ಮಧುರೈಯಲ್ಲಿ ಇಳಿದರೆ ರಾಮೇಶ್ವರಕ್ಕೆ ಸುಮಾರು 170 ಕಿಲೋಮೀಟರ್, ಬಸ್ಸಿಗೂ ರೈಲಿಗೂ ಕೊರತೆಯಿಲ್ಲ. 2025ರ ಏಪ್ರಿಲ್ 6ರಂದು ಹೊಸ ಪಾಂಬನ್ ಸೇತುವೆ ತೆರೆದ ಮೇಲೆ, 2022ರ ಡಿಸೆಂಬರಿನಿಂದ ನಿಂತಿದ್ದ ರೈಲು ಮತ್ತೆ ದ್ವೀಪ ಮುಟ್ಟುತ್ತಿದೆ. ಹಡಗು ಬಂದಾಗ ನಡುವಿನ 72.5 ಮೀಟರಿನ ಭಾಗ ನೆಟ್ಟಗೆ ಮೇಲೇರುವ ಸೇತುವೆ ಅದು. ರೈಲಿನಲ್ಲೇ ದಾಟಿ, ಕಿಟಕಿ ಪಕ್ಕ ಕೂತು.

ದಿನಗಳ ಲೆಕ್ಕಕ್ಕೆ ಬರೋಣ. ಪಟ ನಿಭಾಯಿಸುವುದು, ಹಲಗೆಯಿಲ್ಲದೆ ನೀರಿನಲ್ಲಿ ಪಟದಿಂದ ಎಳೆಸಿಕೊಳ್ಳುವುದು, ಬಿದ್ದ ಪಟ ಏಳಿಸುವುದು, ಆಮೇಲೆ ಹಲಗೆಯ ಮೇಲೆ ಏಳುವುದು ಎಂಬ ಕ್ರಮದಲ್ಲಿ ಕಲಿಸುತ್ತಾರೆ. ಸಾಮಾನ್ಯರಿಗೆ ಒಂಬತ್ತರಿಂದ ಹನ್ನೆರಡು ಗಂಟೆಯ ಪಾಠ ಬೇಕು. ದಿನಕ್ಕೆ ಎರಡು-ಮೂರು ಗಂಟೆ ಮೀರಿದರೆ ಮೈ ಕೇಳುವುದಿಲ್ಲ. ಹಾಗಾಗಿ ಪಾಠಕ್ಕೆ ಐದು ದಿನ, ಗಾಳಿ ಕೈಕೊಟ್ಟರೆ ಇರಲಿ ಎಂದು ಎರಡು ದಿನ, ಒಟ್ಟು ಒಂದು ವಾರ. ಶನಿವಾರ-ಭಾನುವಾರದ ಪ್ರವಾಸದಲ್ಲಿ ಕಲಿತು ಬರುತ್ತೇವೆ ಎನ್ನುವವರು ಹಣ ಕಳೆದುಕೊಂಡು ಬರುತ್ತಾರೆ.

ಖರ್ಚಿನಲ್ಲಿ ಪ್ರಯಾಣ, ಊಟ, ವಸತಿ ಎಲ್ಲ ಸೇರಿದರೂ ಪಾಠದ ಶುಲ್ಕವೇ ಮೇಲು. ಶುಲ್ಕ ಗಂಟೆಯ ಲೆಕ್ಕದಲ್ಲಿ, ಸಾವಿರಗಳಲ್ಲಿ ಇರುತ್ತದೆ. ಪಟ, ಹಲಗೆ, ಹಾರ್ನೆಸ್ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಇಬ್ಬರು ಒಂದೇ ಪಟ ಹಂಚಿಕೊಂಡು ಕಲಿತರೆ ಕಡಿಮೆ ಬೀಳುತ್ತದೆ, ಒಬ್ಬರ ತಪ್ಪಿನಿಂದ ಇನ್ನೊಬ್ಬರು ಕಲಿಯುವ ಲಾಭವೂ ಉಂಟು. ಪಾಸ್‌ಪೋರ್ಟ್ ಇದ್ದವರು ಇದೇ ಗಾಳಿಯ ಇನ್ನೊಂದು ನೆಲೆಯಾದ ಶ್ರೀಲಂಕಾದ ಕಲ್ಪಿಟಿಯಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮೇ ತಿಂಗಳಿಂದ ಅಲ್ಲಿ ಗಾಳಿ ಇನ್ನೂ ಬಿರುಸು.

ಮನೆಯಲ್ಲಿ ಒಪ್ಪಿಸುವ ವಿಷಯದಲ್ಲಿ ರಾಮೇಶ್ವರವನ್ನು ಮೀರಿಸುವ ಊರಿಲ್ಲ. ಕಡಲಲ್ಲಿ ಪಟ ಹಿಡಿದು ಹಾರಲು ಹೋಗುತ್ತೇನೆ ಎಂದರೆ ಕೇಳಿಸಿಕೊಳ್ಳದ ಅಮ್ಮ, ಊರ ಹೆಸರು ಕೇಳಿದ ಕೂಡಲೇ "ರಾಮೇಶ್ವರಕ್ಕಾ? ನಮ್ಮನ್ನೂ ಕರ್ಕೊಂಡು ಹೋಗಪ್ಪ" ಅನ್ನುತ್ತಾರೆ. ಕರೆದುಕೊಂಡೇ ಹೋಗಿ. ಅಗ್ನಿತೀರ್ಥದ ಸ್ನಾನ, ದೇವಸ್ಥಾನದೊಳಗಿನ 22 ತೀರ್ಥಗಳು, ಉದ್ದನೆಯ ಪ್ರಾಕಾರ ಎಲ್ಲ ಬೆಳಗಿನ ಕೆಲಸ. ಗಾಳಿಯಿಲ್ಲದ ದಿನ ಧನುಷ್ಕೋಟಿಯ ಹಾಳುಬಿದ್ದ ಚರ್ಚು, ರೈಲು ನಿಲ್ದಾಣದ ಗೋಡೆಗಳು ಇವೆ. ಕಾಶಿಗೆ ಹೋಗಿಬಂದ ಹಿರಿಯರಿದ್ದರೆ ಅವರ ಯಾತ್ರೆಯೂ ಪೂರ್ತಿಯಾಗುತ್ತದೆ.

ಶಾಲೆಗೆ ಕೇಳಬೇಕಾದ ಪ್ರಶ್ನೆಗಳು

ಮುಂಗಡ ಕಟ್ಟುವ ಮೊದಲು ಫೋನಿನಲ್ಲಿ ಐದು ಮಾತು ಕೇಳಿ. ಕಲಿಸುವವರಿಗೆ ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆಯಾದ ಐಕೆಒ ಅಥವಾ ಅದಕ್ಕೆ ಸಮನಾದ ಸಂಸ್ಥೆಯ ಪ್ರಮಾಣಪತ್ರ ಇದೆಯೇ? ಒಬ್ಬ ಗುರುವಿಗೆ ಎಷ್ಟು ಜನ ಶಿಷ್ಯರು? ಎಳೆದು ತರಲು ದೋಣಿ ಸಿದ್ಧವಿರುತ್ತದೆಯೇ? ಹೆಲ್ಮೆಟ್, ತೇಲುವ ಜಾಕೆಟ್ ಕೊಡುತ್ತಾರೆಯೇ? ಗಾಳಿ ಬರದಿದ್ದರೆ ಉಳಿದ ಗಂಟೆಗಳ ಹಣ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ತಡವರಿಸುವ ಕಡೆ ಮುಂಗಡ ಕೊಡಬೇಡಿ.

ಪಾಠದ ಮೊದಲ ದಿನ ಹೇಳಿಕೊಡುವ ಒಂದು ಕೆಲಸವನ್ನು ನಿದ್ದೆಯಲ್ಲೂ ಮಾಡುವಷ್ಟು ರೂಢಿ ಮಾಡಿಕೊಳ್ಳಬೇಕು. ಬಾರನ್ನು ಹಾರ್ನೆಸ್‌ಗೆ ಸಿಕ್ಕಿಸುವ ಕಡೆ ಒಂದು ಕೆಂಪು ಹಿಡಿ ಇರುತ್ತದೆ. ಅದನ್ನು ತಳ್ಳಿದರೆ ಪಟದ ಬಲ ಕಳಚಿಕೊಳ್ಳುತ್ತದೆ. ಈ ಆಟದ ಅಪಘಾತಗಳಲ್ಲಿ ಬಹುಪಾಲು ಆಗುವುದು ದೂರದ ಕಡಲಲ್ಲಲ್ಲ, ದಡದಲ್ಲಿ, ಪಟ ಏರಿಸುವಾಗ ಇಳಿಸುವಾಗ. ದಡಕ್ಕೆ ಅಡ್ಡಲಾಗಿ ಬೀಸುವ ಗಾಳಿ ಒಳ್ಳೆಯದು. ನೆಲದಿಂದ ಕಡಲ ಕಡೆಗೆ ಬೀಸುವ ಗಾಳಿಯಲ್ಲಿ ದೋಣಿಯ ಕಾವಲಿಲ್ಲದೆ ಇಳಿದವರು ವಾಪಸ್ ಬರುವುದು ಕಷ್ಟ.

ಕಡಲು ಖಾಲಿ ಮೈದಾನವಲ್ಲ

ನಮಗೆ ಆಟದ ಬಯಲಾಗಿ ಕಾಣುವ ನೀರು ಅಲ್ಲಿನವರಿಗೆ ಹೊಲ. ಬಲೆ ಹಾಕಿದ ಕಡೆ ಪಟ ಬಿದ್ದರೆ ಹುರಿಯೂ ಹಾಳು, ಬಲೆಯೂ ಹಾಳು. ತಮಿಳುನಾಡಿನ ಯಾಂತ್ರೀಕೃತ ದೋಣಿಗಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧವಿದ್ದರೂ ನಾಡದೋಣಿಗಳು ಕಡಲಲ್ಲಿ ಇದ್ದೇ ಇರುತ್ತವೆ. ದಾರಿ ಬಿಡಬೇಕಾದವರು ನಾವು.

ಈ ಕಡಲಿಗೆ ಗಡಿಯೂ ಇದೆ. ಶ್ರೀಲಂಕಾದ ತಲೈಮನ್ನಾರ್ ಧನುಷ್ಕೋಟಿಯಿಂದ ದೂರವೇನಲ್ಲ, ನಡುವೆ ಅಂತರರಾಷ್ಟ್ರೀಯ ಗಡಿರೇಖೆ ಹಾದುಹೋಗಿದೆ. ಗಡಿ ದಾಟಿದರೆಂದು ಮೀನುಗಾರರನ್ನು ಹಿಡಿದ ಸುದ್ದಿ ಆಗಾಗ ಓದುತ್ತೇವೆ. ಶಾಲೆಯವರು ತೋರಿಸಿದ ಜಾಗ ಬಿಟ್ಟು ಸ್ವಂತ ಸಾಹಸ ಬೇಡ. ಧನುಷ್ಕೋಟಿಯ ಮೊನೆಯಲ್ಲಿ ಎರಡು ಕಡಲಿನ ಸೆಳೆತ ಕೂಡುತ್ತದೆ, ಅಲ್ಲಿ ನೀರಿಗಿಳಿಯುವುದೇ ಅಪಾಯ. ರಾಮೇಶ್ವರದಿಂದ ತೂತುಕುಡಿಯವರೆಗಿನ 21 ದ್ವೀಪಗಳು 1986ರಿಂದ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ. ಹವಳವಿದೆ, ಕಡಲಹುಲ್ಲಿದೆ, ಆ ಹುಲ್ಲು ಮೇಯುವ ಕಡಲಹಸುವಿದೆ. ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಹವಳ ತುಳಿಯದಿರುವುದು ಅದಕ್ಕೂ ಒಳ್ಳೆಯದು, ನಮ್ಮ ಕಾಲಿಗೂ.

ಮೊದಲು ಯಾವುದು, ಕೊನೆಗೆ ಯಾವುದು

ಸಾಮಾನ್ಯವಾಗಿ ನಾವು ಪ್ರವಾಸ ಹೊರಡುವುದು ರಜೆ ನೋಡಿ, ಆಮೇಲೆ ಟಿಕೆಟ್, ಆಮೇಲೆ ರೂಮು, ಉಳಿದದ್ದು ಹೋದ ಮೇಲೆ. ಇಲ್ಲಿ ಆ ಕ್ರಮ ತಲೆಕೆಳಗು. ಗಾಳಿಯ ತಿಂಗಳು ಮೊದಲು ಗೊತ್ತುಮಾಡಿ, ಅದಕ್ಕೆ ಎರಡು-ಮೂರು ತಿಂಗಳು ಮುಂಚೆಯೇ ಈಜಿಗೆ ಇಳಿಯಬೇಕು. ಶಾಲೆಯೊಂದಿಗೆ ಮಾತಾಡಿ ದಿನ ಹೊಂದಿಸಿಕೊಂಡ ಮೇಲೆ ರಜೆಯ ಅರ್ಜಿ. ಹೋಗುವ ಟಿಕೆಟ್ ಜೊತೆಗೇ ವಾಪಸ್ಸಿನದನ್ನೂ ತೆಗೆಸಿ, ಆದರೆ ನಡುವೆ ಗಾಳಿಗೆಂದು ಬಿಟ್ಟ ಎರಡು ದಿನಕ್ಕೆ ಬೇರೆ ಕೆಲಸ ಹಚ್ಚಬೇಡಿ.

ಸ್ವಂತ ಪಟ, ಹಲಗೆ ಕೊಳ್ಳುವ ಆಸೆ ಮೊದಲ ಸಲ ಹಲಗೆಯ ಮೇಲೆ ಎದ್ದು ನಿಂತ ಸಂಜೆಯೇ ಹುಟ್ಟುತ್ತದೆ. ಆ ಸಂಜೆ ಏನನ್ನೂ ಕೊಳ್ಳಬೇಡಿ. ನಿಮ್ಮ ತೂಕಕ್ಕೆ ಯಾವ ಅಳತೆ, ಯಾವ ಗಾಳಿಗೆ ನಿಮ್ಮ ಧೈರ್ಯ ಎಂಬುದು ಇನ್ನೊಂದು ಸಲ ಹೋಗಿಬಂದ ಮೇಲಷ್ಟೇ ತಿಳಿಯುವ ವಿಷಯ. ಕೊಳ್ಳುವ ಮಾತು ಮುಂದಿನ ವರ್ಷದ ಆರಿದ್ರಾ ಮಳೆಗಿರಲಿ.